ಎಡಗಿವಿ ನನ್ನ ಪಾಲಿಗೆ

ಗುಳೇದಗುಡ್ಡದ ನಮ್ಮ ಅಜ್ಜಿಯ ಮನೆಯಲ್ಲಿ ಮಗ್ಗಗಳು ನಿಲ್ಲುವ ದಿನಗಳು ಕಡಿಮೆ. ನಾಗರಪಂಚಮಿ ಅಂಥದ್ದರಲ್ಲಿ ಒಂದು. ಉಳಿದ ದಿನ ಪಡಸಾಲೆಯ ಪಕ್ಕದ ಉದ್ದ ಕೋಣೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು ಕುಬಸದ ಖಣ ನೇಯುತ್ತಲೇ ಇರುತ್ತವೆ, ಮನೆಯ ಯಾವ ಮೂಲೆಯಲ್ಲೂ ಮಾತು ಕೇಳಿಸುವುದಿಲ್ಲ. ಅದರಿಂದ ಯಾರಿಗೂ ತೊಂದರೆಯಿಲ್ಲ. ಹೆಬ್ಬೆರಳು ಬಾಯಿಗೆ ಹೋದರೆ ನೀರು ಬೇಕು ಎಂದರ್ಥ. ತೋರುಬೆರಳು ಗಾಳಿಯಲ್ಲಿ ಸುತ್ತಿದರೆ ಕಂಡಿಕಿ, ಅಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿ. ಅಂಗೈ ಕೆಳಗಾದರೆ ಮಗ್ಗ ನಿಲ್ಲಿಸು. ಬೆನ್ನು ಮಾಡಿ ನಿಂತವರನ್ನು ಕರೆಯಬೇಕಾದರೆ ಬಾಗಿಲ ಬಳಿಯ ಗುಂಡಿ ಒತ್ತಿ ದೀಪ ಆರಿಸಿ ಹಚ್ಚುತ್ತಾರೆ. ಅಜ್ಜಿ ಆ ಕೋಣೆಯಲ್ಲೇ ಮುದುಕಿಯಾದವಳು. ಅವಳ ಕಿವಿ ಅರ್ಧ ಹೋಗಿದೆ, ಆದರೆ ಎದುರಿನವರ ತುಟಿ ನೋಡಿಯೇ ಜಗಳ ಗೆಲ್ಲುತ್ತಾಳೆ.

ನಮ್ಮ ಅಕ್ಕನನ್ನು ಆ ಮನೆಗೇ ಕೊಟ್ಟಿದ್ದಾರೆ. ಅಕ್ಕನ ಗಂಡ ನಮ್ಮ ಅವ್ವನ ಕೊನೆಯ ತಮ್ಮ. ಹಾಗಾಗಿ ಅಜ್ಜಿಯೇ ಅವಳಿಗೆ ಅತ್ತೆಯಾದಳು. ಮಾಮಾ ನನಗೆ ಮಾಮಾನಾಗಿಯೇ ಉಳಿದ. ಚಿಕ್ಕಂದಿನಿಂದ ‘ನೀ’ ಎಂದು ಕರೆದವನಿಗೆ ಮದುವೆಯಾದ ಮರುದಿನದಿಂದ ‘ರಿ’ ಹಚ್ಚಬೇಕೆಂದು ಅಜ್ಜಿ ಅಕ್ಕನಿಗೆ ತಾಕೀತು ಮಾಡಿದ್ದಳು. ಅಕ್ಕ ಹಚ್ಚಿದಳು. ಅವರಿಗೊಂದು ಹೆಣ್ಣುಕೂಸು. ನಾನು ಹೇಳುತ್ತಿರುವ ಪಂಚಮಿಯ ಹೊತ್ತಿಗೆ ಅದಕ್ಕೆ ಇನ್ನೂ ಎರಡು ತುಂಬಿರಲಿಲ್ಲ.

ನಾನು ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಹೆಚ್ಚು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಅಜ್ಜಿ ಮಾತ್ರ ಬಿಡುವವಳಲ್ಲ. ಹಬ್ಬದ ಹಿಂದಿನ ಸಂಜೆ ಶೇಂಗಾ ಉಂಡಿ ಕಟ್ಟುತ್ತ ಕೇಳಿದಳು.

“ಅಲ್ಲೆ ಏನ ಕಲ್ಯಾಕತ್ತೀ?”

“ಕಿವಿ ಹ್ಯಾಂಗ ಬೆಳೀತಾವ ಅಂತ, ಅಜ್ಜಿ. ಕೋಳಿ ತತ್ತ್ಯಾಗ.”

“ಯವ್ವಾ! ಇಷ್ಟ ವರ್ಷ ಸಾಲಿ ಕಲ್ತು ತತ್ತಿ ಒಡ್ಯಾಕ ಹೋಗ್ಯಾಳ ನಮ್ಮ ಹುಡುಗಿ. ಹೊಚ್ಚಲಾ ದಾಟಿ ಒಳಗ ತತ್ತಿ ಬರಗೊಡಲಾರದ ಮನಿ ಇದು. ಕೈ ತೊಳ್ಕೊಂಡಿ ಇಲ್ಲ? ಉಂಡಿ ಮುಟ್ಟಬ್ಯಾಡ.”

ಮರುದಿನ ಬೆಳಿಗ್ಗೆ ಮನೆ ನಿಶ್ಶಬ್ದವಾಗಿತ್ತು. ಹೊರಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ನಾನು ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಕೂಸು ಒಳಗೆ ಹೋಗಿ ಮೊದಲ ಮಗ್ಗದ ಕಾಲಿಗೆ ಅಂಗೈ ಹಚ್ಚಿತು. ಸ್ವಲ್ಪ ಹೊತ್ತು ಕಾದಿತು. ಕೆನ್ನೆ ಹಚ್ಚಿತು. ಆಮೇಲೆ ಎರಡನೆಯ ಮಗ್ಗಕ್ಕೆ ಹೋಗಿ ಹಾಗೆಯೇ ಮಾಡಿತು. ಮೂರನೆಯದನ್ನು ಸಿಟ್ಟಿನಿಂದ ಬಡಿಯಿತು. ಕೋಣೆಗೆ ಬರುವ ಮೊದಲೇ ನನಗೆ ಮಗ್ಗ ನಿಂತಿವೆ ಎಂದು ಗೊತ್ತಾಗಿತ್ತು. ಅದಕ್ಕೆ ಗೊತ್ತಾಗಲು ಮುಟ್ಟಬೇಕಾಯಿತು.

ಹಿಂದಿನಿಂದ ಕರೆದೆ. ಗಾಳಿ ತಾಗದಷ್ಟು ದೂರದಿಂದ, ನೆರಳು ಬೀಳದ ಕಡೆಯಿಂದ ಚಪ್ಪಾಳೆ ತಟ್ಟಿದೆ. ಅದೇ ವೇಳೆಗೆ ಅಡುಗೆಮನೆಯಲ್ಲಿ ಯಾರ ಕೈಯಿಂದಲೋ ಸ್ಟೀಲಿನ ಪರಾತ ಬಿತ್ತು. ಅರ್ಧ ಕಿವುಡಿ ಅಜ್ಜಿ ಕೂಡ ಪಡಸಾಲೆಯಲ್ಲಿ ಬೆಚ್ಚಿ ಬೈದಳು. ಕೂಸು ನಾಲ್ಕನೆಯ ಮಗ್ಗದ ಕಾಲನ್ನು ಹಿಡಿದು ಶಾಂತವಾಗಿ ನಿಂತಿತ್ತು.

ಹೇಳದೆ ಇರಲು ಆಗಲಿಲ್ಲ. ಹೇಗೆ ಹೇಳಬೇಕೆಂದು ಗೊತ್ತಾಗಲಿಲ್ಲ. ಅಂಗಳಕ್ಕೂ ಪಡಸಾಲೆಗೂ ಅಡ್ಡಾಡಿದೆ. ಕೊನೆಗೆ ಜೋಕಾಲಿಯ ಹಗ್ಗ ಹಿಡಿದು ನಿಂತಿದ್ದ ಅಕ್ಕನ ಬಳಿ ಹೋಗಿ, ಕೂಸಿಗೆ ಕಿವಿ ಕೇಳಿಸುತ್ತಿಲ್ಲ ಅನಿಸುತ್ತದೆ ಎಂದೆ.

ಅಕ್ಕ ನಕ್ಕಳು. “ಏ ಹೋಗ. ಕರದ್ರ ಓಡಿ ಬರ್ತಾಳ.”

“ಹ್ಯಾಂಗ ಕರೀತಿ? ಕರದು ತೋರಸು.”

ಒಳಗೆ ಬಂದಳು. ಕೂಸು ನಮ್ಮ ಕಡೆ ಬೆನ್ನು ಮಾಡಿ ಕೂತಿತ್ತು. ಅಕ್ಕನ ಕೈ ತಾನಾಗಿಯೇ ಬಾಗಿಲ ಪಕ್ಕದ ಗುಂಡಿಗೆ ಹೋಯಿತು. ಅಲ್ಲೇ ನಿಂತಿತು. ಅವಳು ತನ್ನ ಕೈಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹೆಸರು ಹಿಡಿದು ಕೂಗಿದಳು, ಮತ್ತೆ ಮತ್ತೆ, ಒಂದಕ್ಕಿಂತ ಒಂದು ಜೋರಾಗಿ. ಹೊರಗೆ ಜೋಕಾಲಿ ಆಡುತ್ತಿದ್ದವರು ಬಾಗಿಲಿಗೆ ಬಂದು ಇಣುಕಿದರು. ಕೂಸು ತಿರುಗಲಿಲ್ಲ.

ಇಷ್ಟು ದಿನ ಯಾರಿಗೂ ತಿಳಿಯದೆ ಹೋದದ್ದು ಹೇಗೆ ಎಂದು ಆಮೇಲೆ ಬಂದವರೆಲ್ಲ ಕೇಳಿದರು. ತಿಳಿಯುವುದು ಹೇಗೆ? ಆ ಮನೆಯಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ, ಕೂಸೂ ಮಾತಾಡುತ್ತಿತ್ತು. ನೀರು ಕೇಳುತ್ತಿತ್ತು, ಕಂಡಿಕಿ ತಂದುಕೊಡುತ್ತಿತ್ತು, ದೀಪ ಮಿನುಗಿದರೆ ಎಲ್ಲರಿಗಿಂತ ಮೊದಲು ತಿರುಗುತ್ತಿತ್ತು. ಮಗ್ಗದ ಸದ್ದಿನಲ್ಲಿ ಗಡದ್ದಾಗಿ ಮಲಗುವ ಕೂಸು ಎಂದು ಓಣಿಯವರೆಲ್ಲ ಹೊಗಳಿದ್ದರು. ಬಾಯಿಂದ ಮಾತು ಬರದಿರುವುದಕ್ಕೆ, ಅವರಪ್ಪನಿಗೂ ತಡವಾಗಿಯೇ ಬಂದಿತ್ತು ಎಂದು ಅಜ್ಜಿ ಉತ್ತರ ಕೊಟ್ಟಿದ್ದಳು. ಆ ದಿನವೂ ಅವಳು ಒಪ್ಪಲಿಲ್ಲ. “ಸಪ್ಪಳದಾಗ ಹುಟ್ಟಿದ ಕೂಸು ಅದು. ಒಂದು ಪರಾತ ಬಿತ್ತಂತ ಹೊಳ್ಳಿ ಯಾಕ ನೋಡೀತು? ಹಬ್ಬದ ದಿನ ಕೆಟ್ಟ ಮಾತು ಆಡಬ್ಯಾಡ.”

ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಔಷಧ ಕುಡಿಸಿ ಮಲಗಿಸಿ, ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಬಿಡುತ್ತಾರೆ. ಸದ್ದು ಮಿದುಳಿನವರೆಗೆ ಹೋಗಿದ್ದರೆ ಪರದೆಯ ಮೇಲೆ ಸಣ್ಣ ಸಣ್ಣ ದಿಬ್ಬಗಳೇಳುತ್ತವೆ. ಆ ದಿಬ್ಬಗಳನ್ನು ನಾನು ಕೋಳಿಮರಿಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಸದ್ದನ್ನು ಏರಿಸುತ್ತ ಹೋದರು. ಗೆರೆ ಸಪಾಟಾಗಿಯೇ ಇತ್ತು. ಕೊನೆಯಲ್ಲಿ, ಯಂತ್ರ ಕೊಡಬಲ್ಲ ಅತಿ ಜೋರಿನಲ್ಲಿ, ಏನೋ ಒಂದು ಎದ್ದಂತೆ ಕಂಡಿತು.

ಡಾಕ್ಟರು ಕೇಳಿದರು, “ಸಂಬಂಧದಾಗ ಮದುವಿ ಏನ್ರಿ?”

“ನಮ್ಮ ಅಕ್ಕನ ಮಗಳ್ರಿ,” ಅಂದ ಮಾಮಾ.

ಡಾಕ್ಟರು ಬರೆದುಕೊಂಡರು. ಆ ಬರವಣಿಗೆಯ ಅರ್ಥ ನನಗೆ ಗೊತ್ತಿತ್ತು. ಒಂದೇ ಮನೆತನದ ಎರಡು ಕಡೆಯಿಂದ ಒಂದೇ ದೋಷ ಬಂದು ಕೂಡಿರಬಹುದು. ಅದು ನನ್ನ ರಕ್ತದಲ್ಲೂ ಇರಬಹುದು. ಅದನ್ನು ನಾನು ಈವರೆಗೆ ನೋಡಿಸಿಕೊಂಡಿಲ್ಲ.

ವಾಪಸಾಗುವಾಗ ಕಮತಗಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಅಕ್ಕ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಳು. ಮಾಮಾ ಚಹಾ ತಂದುಕೊಟ್ಟು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತ. “ಈಗ ಹೇಳು. ಒಳಗ ಏನಾಗೈತಿ?”

ಹೇಳಿದೆ. ಭ್ರೂಣದ ತಲೆಯ ಎರಡೂ ಪಕ್ಕದಲ್ಲಿ ಚರ್ಮ ಒಂದಿಷ್ಟು ದಪ್ಪವಾಗುತ್ತದೆ, ಒಳಕ್ಕೆ ಕುಸಿದು ಬಟ್ಟಲಾಗುತ್ತದೆ, ಬಟ್ಟಲಿನ ಬಾಯಿ ಮುಚ್ಚಿ ಚೀಲವಾಗುತ್ತದೆ. ಆ ಚೀಲದಿಂದಲೇ ಒಳಗಿವಿ. ಅದರೊಳಗಿನ ಒಂದು ಪಟ್ಟಿಯಲ್ಲಿ ಮೊದಲು ಎಲ್ಲ ಕೋಶಗಳೂ ಒಂದೇ ಥರ ಇರುತ್ತವೆ. ಯಾವುದೋ ಒಂದು ರೋಮಕೋಶವಾಗಲು ಹೊರಡುತ್ತದೆ. ಹೊರಟದ್ದೇ ತನ್ನನ್ನು ಮುಟ್ಟಿಕೊಂಡಿರುವ ಕೋಶಗಳನ್ನು, ನೀವು ಆಗಬೇಡಿ ಎಂದು ತಡೆಯುತ್ತದೆ. ಅವು ಆಸರೆಯ ಕೋಶಗಳಾಗಿ ಅದರ ಸುತ್ತ ನಿಲ್ಲುತ್ತವೆ. ರೋಮಕೋಶದ ನೆತ್ತಿಯ ಮೇಲೆ, ಮೆಟ್ಟಿಲಿನಂತೆ ಒಂದಕ್ಕಿಂತ ಒಂದು ಎತ್ತರವಾಗಿ, ಕೂದಲಿನಂಥ ಎಳೆಗಳ ಕಂತೆ ಏಳುತ್ತದೆ. ಸದ್ದಿಗೆ ಒಳಗಿನ ದ್ರವ ಅಲುಗಿದರೆ ಕಂತೆ ಬಾಗುತ್ತದೆ, ಬಾಗಿದ್ದು ನರದ ಮೂಲಕ ಮಿದುಳಿಗೆ ತಲುಪುತ್ತದೆ. ನಿನ್ನ ಮಗಳಲ್ಲಿ ಆ ರೋಮಕೋಶಗಳು ಸತ್ತಿವೆ, ಇಲ್ಲವೇ ಕೆಲಸ ಮಾಡುತ್ತಿಲ್ಲ.

“ಸತ್ತದ್ದು ಹೊಳ್ಳಿ ಬರೂದಿಲ್ಲೇನು?”

ನಾನು ಸುಮ್ಮನಿರಬಹುದಿತ್ತು. ಆದರೆ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು ನನ್ನ ಸ್ವಭಾವ. ಹಕ್ಕಿಗಳಲ್ಲಿ ಬರುತ್ತವೆ ಎಂದೆ. ರೋಮಕೋಶ ಸತ್ತರೆ ತಡೆಯುವವರು ಇಲ್ಲವಾಗುತ್ತಾರೆ. ಪಕ್ಕದ ಆಸರೆಯ ಕೋಶಗಳಲ್ಲಿ ಕೆಲವು ತಾವೇ ರೋಮಕೋಶವಾಗಿ ಬದಲಾಗುತ್ತವೆ, ಕೆಲವು ಒಡೆದು ಎರಡಾಗಿ ಕಳೆದುಹೋದದ್ದನ್ನು ತುಂಬುತ್ತವೆ. ಕೆಲವೇ ವಾರಗಳಲ್ಲಿ ಕೋಳಿಮರಿಗೆ ಮತ್ತೆ ಕೇಳಿಸುತ್ತದೆ.

“ಮೀನಕ್ಕ?”

“ಮೀನಕ್ಕೂ ಬರ್ತಾವ.”

“ಮನಷ್ಯಾರಿಗೆ?”

“ಇಲ್ಲ ಮಾಮಾ.”

“ಯಾಕ? ಆ ಆಸರಿ ಕೋಶ ನಮಗಿಲ್ಲೇನು?”

“ಅದಾವ. ಸುಮ್ನ ನಿಂತಿರ್ತಾವ. ಯಾಕ ಅಂತ ಹುಡುಕೂದ ನಮ್ಮ ಕೆಲಸ.”

“ಎಂದೂ ಬರೂದಿಲ್ಲಂತ ಬರದು ಕೊಡ್ತಿ?”

ಬರೆದು ಕೊಡಲು ನನ್ನಿಂದ ಆಗುತ್ತಿರಲಿಲ್ಲ. “ಹಂಗ ಹೇಳಾಕ ಬರೂದಿಲ್ಲ,” ಎಂದೆ.

“ಹಂಗಾರ ಬರ್ತಾವ,” ಅಂದ ಮಾಮಾ. ಲೋಟ ಕೆಳಗಿಟ್ಟ. ಹೊಸ ಕೋಶ ಬಂದರೂ ಅದೇ ದೋಷ ಹೊತ್ತೇ ಬರಬಹುದು ಎಂದೂ ಹೇಳಿದೆ. “ಅದನ್ನೂ ರಿಪೇರಿ ಮಾಡ್ತೀರಿ ಬಿಡು, ಶಾಣ್ಯಾ ಮಂದಿ,” ಎಂದು ಎದ್ದು ಗುಳೇದಗುಡ್ಡದ ಬಸ್ಸು ನೋಡಲು ಹೋದ.

ಮುಂದೆ ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ಅಲ್ಲಿಯ ಕಿವಿಯ ತಜ್ಞರು ದಾರಿ ಹೇಳಿದರು. ಒಳಗಿವಿಯ ಸುರುಳಿಯೊಳಗೆ ಒಂದು ತೆಳ್ಳನೆಯ ತಂತಿ ಇಳಿಸುವುದು. ಹೊರಗೆ ಕಿವಿಯ ಹಿಂದೆ ಒಂದು ಯಂತ್ರ ಸದ್ದನ್ನು ಹಿಡಿಯುತ್ತದೆ, ತಂತಿ ರೋಮಕೋಶಗಳನ್ನು ದಾಟಿ ನೇರವಾಗಿ ನರವನ್ನೇ ಎಬ್ಬಿಸುತ್ತದೆ. ಸರ್ಕಾರದ ಯೋಜನೆಯಲ್ಲಿ ಒಂದು ಕಿವಿಗೆ ಆಗುತ್ತದೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಇಷ್ಟು ಹೇಳಿ, ಮರೆಮಾಚದ ಮನುಷ್ಯರಾದ್ದರಿಂದ, ಇನ್ನೊಂದನ್ನೂ ಹೇಳಿದರು: ತಂತಿ ಒಳಗೆ ಹೋಗುವಾಗ ಆ ಕಿವಿಯಲ್ಲಿ ಉಳಿದಿರುವ ಅಲ್ಪಸ್ವಲ್ಪವೂ ಹೋಗಬಹುದು.

ಮಾಮಾ ಅಲ್ಲಿಗೇ ನಿಂತ. ಮನೆಗೆ ಬಂದು ನನ್ನನ್ನು ಮಗ್ಗದ ಹಿಂದೆ ಕರೆದುಕೊಂಡು ಹೋಗಿ ಹಣಗಿ ತೋರಿಸಿದ. ಹಾಸಿನ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಯಿಸಿದ ನೂಲಿನ, ಒಂದೊಂದು ಎಳೆಯೂ ಒಂದೊಂದು ಸಂದಿಯಲ್ಲಿ ಹಾಯುವ, ಬಾಚಣಿಗೆಯಂಥ ಚೌಕಟ್ಟು ಅದು. “ಒಂದು ಹಾಸು ಮುಗೀತಂದ್ರ ಹಳೇ ಎಳಿ ಕಿತ್ತ ಒಗಿತೀವೇನು ನಾವು? ತುದಿ ಹಂಗ ಹಣಗ್ಯಾಗ ಬಿಡ್ತೀವಿ. ಹೊಸಾ ಹಾಸಿನ ಎಳಿ ಒಂದೊಂದ ಅದಕ್ಕ ಗಂಟ ಹಾಕಿ ಕೆಚ್ಚತೀವಿ. ತುದೀನ ಇಲ್ಲಂದ್ರ ಹೊಸಾದು ಬಂದ್ರೂ ಎಲ್ಲೆ ಕೆಚ್ಚೂದು? ನಿಮ್ಮ ಔಷಧ ಬರೂಮಟ ಕೂಸಿನ ಕಿವ್ಯಾಗ ಯಾರೂ ಕೈ ಹಾಕೂದ ಬ್ಯಾಡ.”

ನೇಕಾರನಲ್ಲದವನಿಗೆ ಈ ತಪ್ಪು ಹೊಳೆಯುತ್ತಲೂ ಇರಲಿಲ್ಲ. ಅದು ಬರೀ ಹಟವಾಗಿದ್ದರೆ ಜಗಳ ಆಡಬಹುದಿತ್ತು. ಅದರಲ್ಲಿ ಲೆಕ್ಕವಿತ್ತು, ಆ ಲೆಕ್ಕಕ್ಕೆ ಬೇಕಾದದ್ದನ್ನು ಕೊಟ್ಟವಳು ನಾನೇ ಆಗಿದ್ದೆ. ಅಜ್ಜಿ ಮಗನ ಪರ ನಿಂತಳು. ಅಕ್ಕ ಕೂಸನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು.

ಪ್ರಯೋಗಾಲಯಕ್ಕೆ ಮರಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಔಷಧ ಕೊಟ್ಟು ರೋಮಕೋಶ ಸಾಯಿಸಿದ ಕೋಳಿಮರಿಗಳ ಒಳಗಿವಿಯನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟು ನೋಡುವುದು ಆಗ ನನ್ನ ಕೆಲಸ. ಬೋಳಾದ ಪಟ್ಟಿಯಲ್ಲಿ, ಹಸಿರು ಬಣ್ಣ ಹಚ್ಚಿದಾಗ, ಎಳೆಯ ಕಂತೆಗಳು ಅಲ್ಲೊಂದು ಇಲ್ಲೊಂದು ತಲೆ ಎತ್ತಿರುತ್ತವೆ. ಮೊದಲು ದಿಕ್ಕು ತಪ್ಪಿ ನಿಂತಿರುತ್ತವೆ, ಬರಬರುತ್ತ ಸಾಲು ಸರಿಮಾಡಿಕೊಳ್ಳುತ್ತವೆ. ಅದನ್ನು ಮೊದಲ ಸಲ ನೋಡಿದ ದಿನ ನಾನು ಊಟ ಮರೆತಿದ್ದೆ. ಈಗ ಅದನ್ನೇ ನೋಡಿದರೆ ಸಿಟ್ಟು ಬರುತ್ತಿತ್ತು. ಇಷ್ಟು ಸುಲಭವಾಗಿ ಬೆಳೆಯುತ್ತವೆ, ಯಾರಿಗೆ ಬೇಕೋ ಅಲ್ಲಿ ಬೆಳೆಯುವುದಿಲ್ಲ. ದೀಪಾವಳಿ ಹೋಯಿತು. ಫೋನು ಮಾಡಿದಾಗಲೆಲ್ಲ ಅಕ್ಕನ ಹಿಂದೆ ಮಗ್ಗದ ಸದ್ದು. ಅವಳು ಏನು ಹೇಳಿದಳೆಂದು ನನಗೂ ಅರ್ಧ ಕೇಳಿಸುತ್ತಿರಲಿಲ್ಲ. ಕೂಸಿನ ಮಿದುಳು ಮಾತ್ರ ಯಾರಿಗೂ ಕಾಯುತ್ತಿರಲಿಲ್ಲ. ಸದ್ದು ಬಾರದ ಜಾಗವನ್ನು ಅದು ಬೇರೆ ಕೆಲಸಕ್ಕೆ ಕೊಟ್ಟುಬಿಡುತ್ತದೆ. ಎಷ್ಟು ಹೊತ್ತಿಗೆ ಎಂದು ಗೆರೆ ಹಾಕಿ ಹೇಳಲು ಬರುವುದಿಲ್ಲ. ಹೇಳಲು ಬಾರದ್ದೇ ನನ್ನನ್ನು ಕೊರೆಯುತ್ತಿತ್ತು.

ಸಂಕ್ರಮಣಕ್ಕೆ ಬುತ್ತಿ ಕಟ್ಟಿಕೊಂಡು ಎಲ್ಲರೂ ಮಹಾಕೂಟಕ್ಕೆ ಹೋದೆವು. ಸಜ್ಜಿ ರೊಟ್ಟಿ, ಎಣಗಾಯಿ, ಮಾದೇಲಿ. ಹೊಂಡದಲ್ಲಿ ಮಿಂದು ಬಂದವರು ಮರದ ಕೆಳಗೆ ಗುಂಪು ಗುಂಪಾಗಿ ಕೂತಿದ್ದರು. ಅಕ್ಕ ಬುತ್ತಿ ಬಿಚ್ಚುತ್ತಿದ್ದಳು. ಕೂಸು ನಮ್ಮ ನಡುವಿನಿಂದ ಎದ್ದು ಹೊಂಡದ ಮೆಟ್ಟಿಲ ಕಡೆ ಓಡಿತು. ನೀರಿನ ಮೇಲೆ ಬಿಸಿಲು ಕುಣಿಯುತ್ತಿತ್ತು, ಅದಕ್ಕೆ ಅದು ಬೇಕಾಗಿತ್ತು.

ಅಕ್ಕ ಕೂಗಲಿಲ್ಲ. ಅವಳ ಕೈ ಮೇಲೆದ್ದು, ಪಕ್ಕದ ಗಾಳಿಯಲ್ಲಿ ಏನನ್ನೋ ತಡಕಾಡಿತು. ಆಮೇಲೆ ಓಡಿದಳು. ಮೆಟ್ಟಿಲ ಅಂಚಿನಲ್ಲಿ ಅಂಗಿ ಹಿಡಿದು ಎಳೆದುಕೊಂಡಳು. ಕೂಸು ಏನೂ ಅರಿಯದೆ ನಗುತ್ತಿತ್ತು.

ವಾಪಸು ಬಂದವಳು ಕೂರಲಿಲ್ಲ. ಎಲ್ಲರ ಮುಂದೆ ಮಾಮಾನ ಎದುರು ನಿಂತಳು. “ಇಲ್ಲೆ ಗುಂಡಿ ಎಲ್ಲೈತಿ? ಹೇಳು ನೀ. ಯಾವ ದೀಪಾ ಆರಸ್ಲಿ? ಸೂರ್ಯಾನ್ನ ಆರಿಸಿ ಹಚ್ಚಲೇನು?”

“ನೀ ಅಂತಾಳ ನೋಡು ಗಂಡಗ,” ಅಂದಳು ಅಜ್ಜಿ.

“ಅಂತೀನಿ. ಇವತ್ತ ಅಂತೀನಿ. ಅಜ್ಜಿ, ನೀ ಸುಮ್ನಿರು.” ಅತ್ತೆ ಎನ್ನುವುದನ್ನೂ ಅವಳು ಬಿಟ್ಟಿದ್ದಳು. ನನ್ನ ಕಡೆ ತಿರುಗಿದಳು. “ನೀ ಹೇಳು. ಕಲ್ತಾಕಿ ಹಂಗ ಹೇಳಬ್ಯಾಡ, ಬರಬಹುದು ಹೋಗಬಹುದು ಬ್ಯಾಡ. ನಿನ್ನ ಹೊಟ್ಟ್ಯಾಗ ಹುಟ್ಟಿದ್ದಿದ್ರ ಏನ್ ಮಾಡ್ತಿದ್ದಿ?”

“ಮಾಡಸ್ತಿದ್ದೆ.”

“ಯಾವಾಗ?”

“ಪಂಚಮಿ ಮರುದಿನ.”

ಮಾಮಾ ನನ್ನನ್ನೇ ನೋಡುತ್ತಿದ್ದ. ಮೋಸ ಹೋದವನ ಮುಖವಿತ್ತು. “ಮತ್ತ ಕೋಳಿ? ಮೀನ?”

“ಅದೂ ಖರೆ ಮಾಮಾ. ಆದ್ರ ಕಿವ್ಯಾಗ ಹೊಳ್ಳಿ ಬಂದ್ರೂ ಅದನ್ನ ತಿಳ್ಕೊಳ್ಳೂ ಮಿದುಳು ಅಷ್ಟೊತ್ತಿಗೆ ಬ್ಯಾರೆ ಕೆಲಸಕ್ಕ ಹತ್ತಿರ್ತದ. ಹಣಗ್ಯಾಗ ತುದಿ ಇರ್ತಾವ, ನೇಯಾಕ ಮಗ್ಗನ ಇರೂದಿಲ್ಲ.”

ಅವನು ರೊಟ್ಟಿ ಮುರಿದ, ತಿನ್ನಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ, “ಒಂದ ಕಿವಿಗಲಾ ಅವ್ರು ಮಾಡೂದು?”

“ಹೌದು. ಒಂದಕ್ಕ.”

“ಇನ್ನೊಂದಕ್ಕ ಕೈ ಹಚ್ಚೂದಿಲ್ಲ?”

“ಇಲ್ಲ.”

“ಹಂಗಾರ ಬಲಗಿವಿ ಅವ್ರಿಗೆ,” ಅಂದ. “ಎಡಗಿವಿ ನಿನ್ನ ಪಾಲಿಗೆ. ನಾ ನಿನ್ನ ಬಿಡೂದಿಲ್ಲ ಮತ್ತ.”

ಆ ಮಾತಿಗೆ ನಾನು ಒಪ್ಪಿಗೆ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಯಾರೂ ಕೇಳಲೂ ಇಲ್ಲ. ಅಜ್ಜಿ ಎಲ್ಲರ ತಾಟಿಗೆ ಮಾದೇಲಿ ಹಾಕುತ್ತ, ಕೂಸಿನ ತಲೆ ಬೋಳಿಸುತ್ತಾರೇನೆಂದು ಕೇಳಿದಳು.

ಬೇಸಿಗೆಗೆ ಮೊದಲೇ ಶಸ್ತ್ರಚಿಕಿತ್ಸೆಯಾಯಿತು. ಗಾಯ ಮಾಗಿದ ಮೇಲೆ ಯಂತ್ರ ಚಾಲೂ ಮಾಡಿದ ದಿನ ನಾನಿದ್ದೆ. ಕೂಸು ನಗುತ್ತದೆ ಎಂದು ಮಾಮಾ ಫೋನಿನ ಕ್ಯಾಮೆರಾ ತೆರೆದು ಹಿಡಿದಿದ್ದ. ಅದು ಹೆದರಿ ಬಾಯಿಬಿಟ್ಟು ಅತ್ತಿತು. ತನ್ನ ಅಳುವೇ ಕೇಳಿಸಿ ಗಕ್ಕನೆ ನಿಂತಿತು. ಆಮೇಲೆ ಇನ್ನೂ ಜೋರಾಗಿ ಅತ್ತು ಯಂತ್ರ ಕಿತ್ತೊಗೆಯಿತು. ಮಾತು ಕಲಿಸುವವರು, ಇದು ಹೀಗೇ, ಇನ್ನು ಮನೆಯಲ್ಲಿ ಬಾಯಿಂದ ಮಾತಾಡಬೇಕು, ದೀಪ ಆರಿಸಿ ಕರೆಯಬೇಡಿ ಎಂದರು.

ಬಾಯಿಂದ ಮಾತಾಡುವುದು ಆ ಮನೆಗೆ ಹೊಸ ಕೆಲಸ. ಮಾಮಾ ಮಗ್ಗದ ಕೋಣೆಗೆ ದಪ್ಪ ಬಾಗಿಲು ಹಾಕಿಸಿದ. ಅಕ್ಕ ದಿನವಿಡೀ ಕೂಸಿನ ಬಲಬದಿಗೆ ಕೂತು ಬಟ್ಟಲು, ಬಾಳೆಹಣ್ಣು, ಬೆಕ್ಕು ಎಂದು ಹೇಳುತ್ತಲೇ ಇದ್ದಳು. ವಾರಗಳು ಕಳೆದರೂ ಅದು ತಿರುಗಿ ನೋಡಲಿಲ್ಲ, ನನ್ನ ಮಾತು ತಪ್ಪಾಯಿತೇನೋ ಎಂದು ನಾನು ರಜೆ ಹಾಕಿ ಎರಡೆರಡು ಸಲ ಬಂದು ಹೋದೆ. ಕೊನೆಗೆ ಅದು ಮೊದಲು ತಿರುಗಿದ್ದು ಅಜ್ಜಿಯ ಕೂಗಿಗೆ. ಮಗ್ಗದ ಸದ್ದಿನ ಮೇಲೆ ಕೂಗಿ ಕೂಗಿ ಒಡೆದುಹೋದ ದನಿ ಅದು. “ಊರಿಗೆಲ್ಲಾ ಕೇಳಸೂ ಬಾಯಿ ನಂದು, ಕೂಸಿಗೆ ಕೇಳಸೂದಿಲ್ಲೇನು?” ಎಂದು ಈಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ.

ಮಾಮಾ ಮಾತು ಮರೆಯುವವನಲ್ಲ. ಭಾನುವಾರ ಫೋನು ಬರುತ್ತದೆ, ಕ್ಷೇಮ ಕೇಳುವ ಮೊದಲೇ ಕೇಳುತ್ತಾನೆ, “ನನ್ನ ಎಡಗಿವಿ ಎಲ್ಲಿಗೆ ಬಂತು?”

“ಇನ್ನೂ ಕೋಳ್ಯಾಗ ಐತಿ ಮಾಮಾ,” ಎನ್ನುತ್ತೇನೆ. ನಗುತ್ತಾನೆ. ನಕ್ಕ ಮೇಲೂ ಫೋನು ಇಡುವುದಿಲ್ಲ, ಬೇರೆ ಏನಾದರೂ ಹೇಳುತ್ತೇನೇನೋ ಎಂದು ಕಾಯುತ್ತಾನೆ. ನಾನು ಕೋಣೆಯಲ್ಲಿ ಅಡ್ಡಾಡುತ್ತ ಕಿಟಕಿಯವರೆಗೆ ಹೋಗಿ ಬರುತ್ತೇನೆ.

ಕಳೆದ ವಾರ ಹೀಗೇ ಕಾಯುತ್ತಿದ್ದಾಗ ಅಂದ, “ಅವಸರಿಲ್ಲ ಬಿಡು. ಒಂದರಾಗ ಕೇಳಿನ ಈಕಿ ಇಷ್ಟ ವಟವಟ ಹಚ್ಯಾಳ, ಎರಡೂ ಬಂದ್ರ ನಮಗ ಉಳಿಗಾಲಿಲ್ಲ. ತಗೋ, ಮಾತಾಡು.”

ಫೋನು ಕೂಸಿನ ಕೈಗೆ ಹೋಯಿತು. ಏನೋ ಸವರಿದ ಸದ್ದು, ಉಸಿರು. ನಾನು ಮಾತಾಡತೊಡಗಿದೆ. ಉಣ್ಣುವುದಾಯಿತೇ, ಏನು ಉಂಡೆ, ಬೆಕ್ಕು ಎಲ್ಲಿ. ಆ ಕಡೆಯಿಂದ ಉಸಿರು ಮಾತ್ರ ಬರುತ್ತಿತ್ತು. ಬೆಕ್ಕನ್ನೇ ಮತ್ತೆ ಕೇಳಿದೆ, ಇನ್ನೂ ಜೋರಾಗಿ. ಅಷ್ಟರಲ್ಲಿ ಮಾಮಾನ ದನಿ ಕೇಳಿಸಿತು, “ಏ ಹುಚ್ಚಿ, ಆ ಕಡೆ ಅಲ್ಲ. ಈ ಕಡೆ ಹಿಡಿ.”

ಫೋನು ಒಂದು ಕಿವಿಯಿಂದ ಇನ್ನೊಂದಕ್ಕೆ ಹೋಯಿತು. “ತಿಗವ್ವಾ,” ಅಂದಿತು ಕೂಸು. ಚಿಗವ್ವ ಎನ್ನಲು ಅದಕ್ಕೆ ಇನ್ನೂ ಬರುವುದಿಲ್ಲ.

ನಾನು ಹೇಳಿದ್ದನ್ನೆಲ್ಲ ಮೊದಲಿನಿಂದ ಹೇಳಿದೆ.